ಕೆಆರ್‌ಎಸ್ ಹಿನ್ನೀರಿನ ಗಾಳಿ ಲೆಕ್ಕ: ಫೆಬ್ರವರಿಯಿಂದ ಜುಲೈವರೆಗಿನ ಕೆಲಸ

ಫೋನಿನ ಹವಾಮಾನ ಆ್ಯಪ್ ‘ಇಂದು ಗಾಳಿ ಗಂಟೆಗೆ 14 ಕಿ.ಮೀ.’ ಅಂದರೆ ಹಾಯಿದೋಣಿ ಇಳಿಸುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅದೇ ದಿನ ಬೆಳಿಗ್ಗೆ ಏಳಕ್ಕೆ ಹುಟ್ಟು ಹಾಕಿ ದಡ ಸೇರಬೇಕಾಗಬಹುದು, ಮಧ್ಯಾಹ್ನ ಮೂರಕ್ಕೆ ದೋಣಿ ಮಗುಚಬಹುದು. ಮೀನಾಕ್ಷಿಪುರದ ಕಡೆಯ ದಡಕ್ಕೆ ಗಂಟೆ ಗಂಟೆಯ ಲೆಕ್ಕ ಬೇಕು ಅನ್ನುವುದು ಈ ಕೆಲಸದ ಮೂಲ.

ಫೆಬ್ರವರಿ: ಯಂತ್ರ

ಮೂರು ಬಟ್ಟಲಿನ ಗಾಳಿಮಾಪಕ, ಒಳಗೆ ಅಯಸ್ಕಾಂತ ಮತ್ತು ಅದು ಹಾದುಹೋದಾಗಲೆಲ್ಲ ಒಂದು ಪಲ್ಸ್ (ವಿದ್ಯುತ್ ಮಿಡಿತ) ಕೊಡುವ ರೀಡ್ ಸ್ವಿಚ್. ಮಾರುಕಟ್ಟೆಯಲ್ಲಿ ಸಿಗುವ ಈ ಬಗೆಯ ಬಹುಪಾಲು ಮಾಪಕಗಳಲ್ಲಿ ಸೆಕೆಂಡಿಗೆ ಒಂದು ಪಲ್ಸ್ ಅಂದರೆ ಗಂಟೆಗೆ 2.4 ಕಿ.ಮೀ. ವೇಗ. ದಿಕ್ಕಿಗೆ 16 ಸ್ಥಾನದ ಗಾಳಿಕೋಳಿ. ಎರಡೂ ಇಎಸ್‌ಪಿ32 ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡಿಗೆ. ರೀಚಾರ್ಜ್ ಮಾಡಬಹುದಾದ 18650 ಸೆಲ್ ಎರಡು, ಚಿಕ್ಕ ಸೋಲಾರ್ ಫಲಕ ಒಂದು. ಒಂದೂವರೆ ಇಂಚಿನ ಜಿಐ ಪೈಪಿನ ಕಂಬ 6 ಮೀಟರ್, 120 ಡಿಗ್ರಿ ಅಂತರದಲ್ಲಿ ಮೂರು ಎಳೆತಂತಿ.

ಮೊದಲ ಪ್ರೋಗ್ರಾಮಿನಲ್ಲಿ ಮೂರು ತಪ್ಪಿದ್ದವು. ಬ್ಯಾಟರಿ ಉಳಿಸಲು ಬೋರ್ಡನ್ನು ಹತ್ತು ನಿಮಿಷ ಗಾಢ ನಿದ್ದೆಗೆ ಹಾಕಿದರೆ ಅಷ್ಟು ಹೊತ್ತಿನ ಪಲ್ಸ್ ಎಲ್ಲ ಹೋಗುತ್ತವೆ. ಸರಾಸರಿ ಹೇಗೋ ಸಿಕ್ಕೀತು, ಗಸ್ಟ್, ಅಂದರೆ ಗಾಳಿಯ ದಿಢೀರ್ ಬೀಸು, ಸಿಗುವುದಿಲ್ಲ. ಈಗ ಎಣಿಕೆಯನ್ನು ಕಡಿಮೆ ವಿದ್ಯುತ್ತಿನ ಉಪ ಪ್ರೊಸೆಸರಿಗೆ ಬಿಟ್ಟು, ವೈಫೈ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಎದ್ದೇಳುತ್ತದೆ.

ಎರಡನೆಯದು ಡಿಬೌನ್ಸ್: ಸ್ವಿಚ್ಚಿನ ಒಂದೇ ಬಡಿತ ಎರಡಾಗಿ ಎಣಿಕೆಯಾಗದಂತೆ ಪ್ರತಿ ಪಲ್ಸ್ ನಂತರ ಬೋರ್ಡ್ ಕಿವಿ ಮುಚ್ಚಿಕೊಳ್ಳುವ ಹೊತ್ತು. ಅದನ್ನು 50 ಮಿಲಿಸೆಕೆಂಡಿಗೆ ಇಟ್ಟರೆ ಸೆಕೆಂಡಿಗೆ 20 ಪಲ್ಸ್‌ಗಿಂತ ಹೆಚ್ಚು ಎಣಿಸಲಾಗದು. ಅಂದರೆ ಗಂಟೆಗೆ 48 ಕಿ.ಮೀ., ದೋಣಿಯವರ ಅಳತೆಯಲ್ಲಿ ಸುಮಾರು 26 ನಾಟ್, ಅಲ್ಲಿಗೇ ಅಡ್ಡಗೋಡೆ. ಗ್ರಾಫಿನಲ್ಲಿ ಗಸ್ಟ್‌ಗಳ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ. 10 ಮಿಲಿಸೆಕೆಂಡ್ ಸಾಕು.

ಮೂರನೆಯದು ದಿಕ್ಕಿನ ಸರಾಸರಿ. 350 ಡಿಗ್ರಿ ಮತ್ತು 10 ಡಿಗ್ರಿಯನ್ನು ಕೂಡಿ ಎರಡರಿಂದ ಭಾಗಿಸಿದರೆ 180 ಬರುತ್ತದೆ. ಉತ್ತರದ ಗಾಳಿ ದಕ್ಷಿಣದ್ದಾಯಿತು! ಪ್ರತಿ ಅಳತೆಯ ಸೈನ್, ಕೊಸೈನ್‌ಗಳನ್ನು ಬೇರೆ ಬೇರೆ ಕೂಡಿ ಕೊನೆಗೆ ಕೋನ ತೆಗೆಯಬೇಕು.

ದಾಖಲಾಗುವುದು ಹತ್ತು ನಿಮಿಷದ ಸರಾಸರಿ ಮತ್ತು ಅದರೊಳಗಿನ ಅತಿ ಹೆಚ್ಚಿನ 3 ಸೆಕೆಂಡಿನ ಸರಾಸರಿ. ಹವಾಮಾನ ಕೇಂದ್ರಗಳು ಗಸ್ಟ್ ಅನ್ನುವುದು ಈ ಎರಡನೆಯದನ್ನೇ.

ಮಾರ್ಚ್: ಕಂಬ ಎಲ್ಲಿ

ಸೆನ್ಸರಿನ ತಪ್ಪಿಗಿಂತ ಜಾಗದ ತಪ್ಪು ದೊಡ್ಡದು. ಹದಿನೈದು ಮೀಟರಿನ ತೆಂಗಿನ ತೋಟದ ಮರೆ ಅದರ ಎತ್ತರದ ಹತ್ತು ಪಟ್ಟು ದೂರದವರೆಗೂ, ಅಂದರೆ 150 ಮೀಟರ್, ಗಾಳಿಯನ್ನು ಕೆಡಿಸುತ್ತದೆ. ಎತ್ತರವೂ ಲೆಕ್ಕಕ್ಕೆ ಬರುತ್ತದೆ. ತೆರೆದ ನೀರಿನ ಮೇಲೆ 2 ಮೀಟರ್ ಎತ್ತರದಲ್ಲಿ ಸಿಗುವುದು 10 ಮೀಟರಿನ ಗಾಳಿಯ ನೂರಕ್ಕೆ ಸುಮಾರು 85 ಪಾಲು; ಹುಲ್ಲುಗಾವಲಿನ ಮೇಲಾದರೆ 72.

ಹುಲ್ಲಿನ ಲೆಕ್ಕ ಇಲ್ಲಿಗೆ ಯಾಕೆ ಬಂತೆಂದರೆ, ಈ ಜಲಾಶಯದ ದಡ ನಿಂತಲ್ಲಿ ನಿಲ್ಲುವುದಿಲ್ಲ. ಗರಿಷ್ಠ ಮಟ್ಟ 124.80 ಅಡಿ. ಬೇಸಿಗೆಯಲ್ಲಿ ನೀರು ಹತ್ತಾರು ಅಡಿ ಇಳಿದಾಗ ಅಂಚಿನಲ್ಲಿದ್ದ ಕಂಬ ಒಣ ಮಣ್ಣಿನ ನಡುವೆ ನಿಂತಿರುತ್ತದೆ. ಕಾದ ನೆಲದ ಮೇಲಿನ ಗಾಳಿ ಅಳೆದು ನೀರಿನದೆಂದು ಬರೆದಂತಾಗುತ್ತದೆ. ಹಾಗಾಗಿ ದಾಖಲೆಯ ಪ್ರತಿ ಅಳತೆಯ ಜೊತೆ ಅಂದಿನ ಅಣೆಕಟ್ಟೆಯ ಮಟ್ಟವನ್ನೂ ಬರೆಯುತ್ತಿದ್ದೇವೆ. ಮೈಸೂರು, ಮಂಡ್ಯದವರು ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಹೇಗೂ ನೋಡುವ ಅಂಕಿ ಅದು.

ಗಾಳಿಕೋಳಿಯನ್ನು ಉತ್ತರಕ್ಕೆ ಹೊಂದಿಸುವಾಗ ದಿಕ್ಸೂಚಿಯನ್ನು ಕಂಬದ ಬುಡದಲ್ಲಿ ಹಿಡಿಯಬಾರದು, ಜಿಐ ಪೈಪ್ ಮುಳ್ಳನ್ನು ಎಳೆಯುತ್ತದೆ. ಹತ್ತು ಮೀಟರ್ ದೂರ ನಿಂತು ನೋಡಬೇಕು. ಇಲ್ಲಿ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಎರಡು ಡಿಗ್ರಿಯ ವ್ಯತ್ಯಾಸವೂ ಇಲ್ಲ, ಅದನ್ನು ಮರೆತರೂ ನಡೆದೀತು.

ವೇಗ ಏರಿಳಿಯುತ್ತಿದ್ದು ದಿಕ್ಕು ಮಾತ್ರ ಎರಡು ಗಂಟೆ ಅಲುಗಾಡದಿದ್ದರೆ ಪ್ರೋಗ್ರಾಮ್ ಬಿಚ್ಚುವ ಮೊದಲು ತಲೆ ಎತ್ತಿ ನೋಡಿ: ಗಾಳಿಕೋಳಿಯ ಬಾಲದ ಮೇಲೆ ಮಿಂಚುಳ್ಳಿ ಕೂತಿರುತ್ತದೆ. ನೆಟ್ಟಗೆ ನಿಲ್ಲಿಸಿದ ನಾಲ್ಕು ತೆಳು ತಂತಿ ಅದಕ್ಕೆ ಮದ್ದು.

ಮಾರ್ಚ್–ಏಪ್ರಿಲ್: ಒಂದು ದಿನದ ಆಕಾರ

ಆಕಾಶ ತಿಳಿಯಾದ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಬಟ್ಟಲು ತಿರುಗುವುದೇ ಇಲ್ಲ. ಅಗ್ಗದ ಮಾಪಕ ಅಷ್ಟು ಸಣ್ಣ ಗಾಳಿಗೆ ಓಗೊಡುವುದೂ ಇಲ್ಲ, ಅದಕ್ಕೆ ಎಳೆತಂತಿಗೆ ಕಟ್ಟಿದ ಉಣ್ಣೆ ದಾರವೇ ಲೇಸು. ಆದರೆ ಗಾಳಿ ಸತ್ತಿರುವುದಿಲ್ಲ, ಮೇಲೆ ಹೋಗುತ್ತಿರುತ್ತದೆ. ರಾತ್ರಿಯಿಡೀ ತಣಿದ ನೆಲದ ಪಕ್ಕದ ಗಾಳಿ ತೂಕವಾಗಿ ತಳಕ್ಕೆ ಕೂರುತ್ತದೆ. ಅದರ ಮೇಲಿನ ಬೆಚ್ಚಗಿನ ಪದರ ಮುಚ್ಚಳದ ಹಾಗೆ. ಮುಚ್ಚಳದ ಮೇಲೆ ಓಡುವ ಗಾಳಿ ನೀರನ್ನು ಮುಟ್ಟುವುದಿಲ್ಲ.

ಮುಚ್ಚಳ ಯಾವಾಗ ಒಡೆಯುತ್ತದೆ ಎಂದು ತೋರಿಸುವುದು ಹೊಗೆ. ಮುಂಜಾನೆ ದಡದ ಮನೆಗಳ ಒಲೆಯ ಹೊಗೆ ಸ್ವಲ್ಪ ಮೇಲೇರಿ, ತೆಂಗಿನ ತಲೆಯ ಮಟ್ಟದಲ್ಲಿ ಚಾಪೆ ಹಾಸಿದಂತೆ ಅಡ್ಡ ಹರಡಿ ನಿಲ್ಲುತ್ತದೆ. ಬಿಸಿಲೇರಿದಂತೆ ಆ ಚಾಪೆ ಅಲ್ಲಲ್ಲಿ ಹರಿದು, ಹೊಗೆ ಮೇಲಕ್ಕೆ ಕಿತ್ತುಕೊಂಡು ಹೋಗತೊಡಗುತ್ತದೆ. ಹೊಗೆ ಹರಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ನೀರಿನ ಮೇಲೆ ಗಾಳಿ ಮುಟ್ಟಿ ಕಪ್ಪಾದ ಮೊದಲ ತೇಪೆಗಳು ಕಾಣುತ್ತವೆ, ಸಾಮಾನ್ಯವಾಗಿ ಒಂಬತ್ತರಿಂದ ಹತ್ತೂವರೆಯೊಳಗೆ. ಹಾಯಿ ಏರಿಸುವ ಹೊತ್ತು ಅದು.

ಆಮೇಲೆ ಬರುವುದು ಒಂದೇ ಸಮನೆಯ ಗಾಳಿಯಲ್ಲ. ಕಾದ ನೆಲದಿಂದ ಗಾಳಿ ಮೇಲೇಳುತ್ತದೆ, ಅದರ ಜಾಗಕ್ಕೆ ಮೇಲಿನ ವೇಗದ ಗಾಳಿ ಧುಮುಕುತ್ತದೆ. ನೆಲದ ಗಾಳಿಗೆ ಹೋಲಿಸಿದರೆ ಮೇಲಿನದು ನಮ್ಮ ಗೋಳಾರ್ಧದಲ್ಲಿ ಬಲಕ್ಕೆ, ಗಡಿಯಾರದ ಮುಳ್ಳಿನಂತೆ, ತಿರುಗಿರುತ್ತದೆ. ಹಾಗಾಗಿ ಗಸ್ಟ್ ಬಂದಾಗ ಗಾಳಿ ಹೆಚ್ಚುವುದರ ಜೊತೆಗೆ ಬಲಕ್ಕೂ ಹೊರಳುತ್ತದೆ. ಬಲಮಗ್ಗುಲಿಗೆ ಗಾಳಿ ತೆಗೆದುಕೊಂಡು ಗಾಳಿಗೆ ಎದುರಾಗಿ ಏರುತ್ತಿರುವ ದೋಣಿಗೆ ಅದು ಲಾಭ, ಇನ್ನೂ ಮೇಲಕ್ಕೆ, ಮೊದಲು ಗಾಳಿ ಬರುತ್ತಿದ್ದ ಕಡೆಗೆ, ತಿರುಗಬಹುದು. ಎಡಮಗ್ಗುಲಿನವರ ಹಾಯಿ ಪಟಪಟಿಸುತ್ತದೆ. ಪ್ರತಿ ಗಸ್ಟೂ ಹೀಗೆಯೇ ನಡೆಯದು, ದಡದ ಹತ್ತಿರ ಮರಗಳು ಲೆಕ್ಕ ಕೆಡಿಸುತ್ತವೆ. ಆದರೂ ಹತ್ತು ಗಸ್ಟಿನಲ್ಲಿ ಯಾವ ಕಡೆಗೆ ಪಣ ಕಟ್ಟಬೇಕೆಂದರೆ ಬಲಕ್ಕೇ.

ಮೇಲಿನ ಗಾಳಿಯೇ ದುರ್ಬಲವಾದ ದಿನ ಹನ್ನೊಂದರ ಮೇಲೆ ಕೆರೆಗಾಳಿ ಹುಟ್ಟುತ್ತದೆ: ತಂಪಾದ ನೀರಿನಿಂದ ಬಿಸಿಯಾದ ದಡಕ್ಕೆ, ಎಲ್ಲ ದಡಗಳಿಗೂ ಹೊರಮುಖವಾಗಿ. ದಕ್ಷಿಣ ದಡದ ನಮ್ಮ ಕಂಬ ಆಗ ಉತ್ತರದಿಂದ 4–5 ನಾಟ್ ತೋರಿಸುತ್ತದೆ. ಅದನ್ನು ನಂಬಿ ನಡುನೀರಿಗೆ ಹೋದವರು ಅಲ್ಲಿ ಕೂತೇ ಇರಬೇಕು. ಎಲ್ಲ ಕಡೆಗೂ ಗಾಳಿ ಕಳಿಸಿದ ನಡುಭಾಗ ಖಾಲಿ. ಇಂಥ ದಿನ ದಡದಗುಂಟ ಹೋಗುವುದು ಮೇಲು.

ಒಂದರಿಂದ ನಾಲ್ಕರವರೆಗೆ ಗಾಳಿ ತುತ್ತತುದಿಗೆ. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಬೀಳತೊಡಗುತ್ತದೆ, ಬಿದ್ದರೆ ಬೇಗ ಬೀಳುತ್ತದೆ. ಐದೂಕಾಲಿಗೆ ವಾಪಸು ತಿರುಗದ ದೋಣಿಗೆ ಹುಟ್ಟೇ ಗತಿ.

ಏಪ್ರಿಲ್–ಮೇ: ಗುಡುಗು

ಮಾವಿನ ಮಳೆಯ ಕಾಲಕ್ಕೆ ಮೇಲಿನ ವೇಳಾಪಟ್ಟಿಯನ್ನು ಮಧ್ಯಾಹ್ನ ಎರಡರವರೆಗೆ ಮಾತ್ರ ನಂಬಬೇಕು. ಮೋಡ ಹೂಕೋಸಿನಂತೆ ಎದ್ದು ತಲೆ ಚಪ್ಪಟೆಯಾದ ಮೇಲೆ ಇದ್ದ ಗಾಳಿ ನಿಲ್ಲುತ್ತದೆ, ಇಲ್ಲವೇ ಮೋಡದ ಕಡೆಗೇ ಮೆಲ್ಲಗೆ ಬೀಸುತ್ತದೆ. ಬಳಿಕ ಮಳೆಯ ಜೊತೆ ಇಳಿದ ತಂಪು ಗಾಳಿ ನೆಲದ ಮೇಲೆ ಹರಡುತ್ತ ಬರುತ್ತದೆ. ಎದುರು ದಡದಲ್ಲಿ ಕೆಂಧೂಳು ಎದ್ದು, ನೀರಿನ ಮೇಲೆ ಕಪ್ಪು ಗೆರೆ ಕಂಡರೆ ಉಳಿದಿರುವುದು ಕೆಲವೇ ನಿಮಿಷ. ದಿಕ್ಕು ಪೂರ್ತಿ ಉಲ್ಟಾ ಆಗಬಹುದು, ವೇಗ 30 ನಾಟ್ ದಾಟಬಹುದು. ಹಾಯಿ ಇಳಿಸಿ ಕಟ್ಟುವುದು ಬಿಟ್ಟು ಬೇರೆ ಜಾಣತನ ಆಗ ಬೇಡ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ. ಅಲ್ಯೂಮಿನಿಯಂ ಮಾಸ್ಟ್ (ಹಾಯಿಕಂಬ) ಹೊತ್ತು ನೀರಿನ ಮೇಲೆ ಇರಬಾರದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು.

ಜೂನ್–ಜುಲೈ: ಆಷಾಢ

ಊರ ಹುಡುಗರು ಗಾಳಿಪಟ ಹಾರಿಸುವ ಕಾಲವೇ ನಮ್ಮದೂ. ಪಡುವಣ ಗಾಳಿ, ಮೋಡದ ಹೊದಿಕೆ. ರಾತ್ರಿ ನೆಲ ಅಷ್ಟು ತಣಿಯದ ಕಾರಣ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಬೆಳಿಗ್ಗೆ ಏಳಕ್ಕೂ ಗಾಳಿ ಇರುತ್ತದೆ. ಹೊಸಬರಿಗೆ ಕಲಿಸಲು ಬೆಳಗಿನ ಆ ಹೊತ್ತೇ ಹೇಳಿಮಾಡಿಸಿದ್ದು. ಮಧ್ಯಾಹ್ನ ಅವರ ಪಾಲಿನದಲ್ಲ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ: 8 ನಾಟ್ 16 ಆದರೆ ಹಾಯಿಯ ಮೇಲಿನ ಹೊರೆ ನಾಲ್ಕು ಪಟ್ಟು. ಹಾಗಾಗಿ ಐಎಲ್‌ಸಿಎ ಎಂಬ ಒಬ್ಬರ ಹಾಯಿದೋಣಿಗೆ 7.06, 5.76, 4.70 ಚದರ ಮೀಟರ್ ಹಾಯಿಗಳಲ್ಲಿ ಯಾವುದೆಂದು ತೀರ್ಮಾನಿಸುವಾಗ ಸರಾಸರಿಯ ಕಾಲಂ ನೋಡದೆ ಗಸ್ಟಿನ ಕಾಲಂ ನೋಡಬೇಕು.

ಇನ್ನೊಂದು ಮಾತು ಭೂಪಟದಲ್ಲೇ ಇದೆ. ಅಣೆಕಟ್ಟೆ ಇರುವುದು ಜಲಾಶಯದ ಪೂರ್ವ ತುದಿಯಲ್ಲಿ. ಪಡುವಣ ಗಾಳಿಯಲ್ಲಿ ಮಗುಚಿದ ದೋಣಿ ತೇಲುವುದೂ ಆ ಕಡೆಗೇ. ಆ ತಿಂಗಳುಗಳಲ್ಲಿ ಇಳಿಸಿದ ಜಾಗದಿಂದ ಮೊದಲು ಪಶ್ಚಿಮಕ್ಕೆ ಏರಿ, ಗಾಳಿಯ ಬೆನ್ನಿಗೆ ಮರಳುವ ದಾರಿಯನ್ನೇ ಹಾಕಿಕೊಳ್ಳಬೇಕು. ರಕ್ಷಣೆಯ ಮೋಟಾರು ದೋಣಿ ಯಾವಾಗಲೂ ಕೆಳಗಾಳಿಯಲ್ಲಿ, ಅಂದರೆ ಪೂರ್ವದಲ್ಲಿ.

ಬಾಕಿ ಇರುವುದು: ನಡುನೀರಿಗೆ ಎರಡನೇ ಯಂತ್ರ. 200 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್, 2 ಮೀಟರ್ ಕಂಬ, ಲಂಗರಿಗೆ ಕಾಂಕ್ರೀಟ್ ದಿಮ್ಮಿ. ನೀರು ಇಳಿದಾಗ ಹಗ್ಗ ಸಡಿಲಾಗಿ ತೇಲುಗ ಸುತ್ತುತ್ತದೆ, ಆಗ ದಿಕ್ಕಿನ ಅಳತೆಗೆ ಅರ್ಥವಿರುವುದಿಲ್ಲ. ಅದರೊಳಗೆ ದಿಕ್ಸೂಚಿ ಚಿಪ್ ಹಾಕಬೇಕು, ಅದೂ ಬ್ಯಾಟರಿಯಿಂದ ಒಂದಡಿಯಾದರೂ ದೂರ.