ಗುರ್ತದವರು ಇದ್ದರೆ ಮಾತ್ರ ಒಳ್ಳೆಯ ಕಾರು

"ಹಾಗಾದ್ರೆ ಯಾರ ಗುರ್ತವೂ ಇಲ್ಲದವರು ಏನು ಮಾಡ್ತಾರೆ ಮಾಮ?"

ಕಳೆದ ಭಾನುವಾರ ಊರಿಗೆ ವಿಡಿಯೋ ಕಾಲ್ ಮಾಡಿದ್ದಾಗ ಮಗಳು ಕೇಳಿದ ಪ್ರಶ್ನೆ ಇದು. ಆ ಕಡೆಯಿಂದ ನನ್ನ ತಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನನಗೂ ಉತ್ತರ ಹೊಳೆಯಲಿಲ್ಲ. ಆಮೇಲೆ ಮಾತು ಬೇರೆ ಕಡೆ ಹೋಯಿತು. ಆದರೆ ಅವಳ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ತಮ್ಮ ಇರುವುದು ಕಾಪುವಿನಲ್ಲಿ, ಅಮ್ಮನ ಜೊತೆ. ಅಮ್ಮನ ಮೊಣಕಾಲು ಈಗ ಬಸ್ಸಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಮಣಿಪಾಲಕ್ಕೆ ಆಗಾಗ ಹೋಗಲೇಬೇಕು. ಪ್ರತಿ ಸಲ ಬಾಡಿಗೆ ಕಾರು ಮಾಡಿದರೆ ಅವನ ಸಂಬಳಕ್ಕೆ ಪೂರೈಸುವುದಿಲ್ಲ. ಅದಕ್ಕೆ ಹಳೆ ಕಾರು ಹುಡುಕುತ್ತಿದ್ದಾನೆ. ಕೈಯಲ್ಲಿರುವುದು ಎರಡೂವರೆ ಲಕ್ಷ. ಇನ್ಶೂರೆನ್ಸ್, ಹೆಸರು ಬದಲಾವಣೆ, ಮೊದಲ ರಿಪೇರಿ ಎಲ್ಲ ಅದರಲ್ಲೇ ಮುಗಿಯಬೇಕು. ನಾನು ಸ್ವಲ್ಪ ಕಳಿಸುತ್ತೇನೆ ಅಂದರೆ ಒಪ್ಪುವುದಿಲ್ಲ.

ಅವತ್ತು ಅವನು ತೋರಿಸುತ್ತಿದ್ದದ್ದು 2014ರ ವ್ಯಾಗನ್‌ಆರ್, ಕೆಎ 20 ನಂಬರಿನದ್ದು. ಬ್ರೋಕರ್ ಹೇಳಿದ್ದು ಇಷ್ಟು: "ಗಲ್ಫ್‌ನವರ ಗಾಡಿ ಮಾರಾಯ್ರೆ, ವರ್ಷಕ್ಕೆ ಒಂದು ತಿಂಗಳು ಓಡಿದ್ದು. ಮೀಟರ್ ನೋಡಿ, 42 ಸಾವಿರ." ನಮ್ಮ ಕಡೆ ಈ ಮಾತಿಗೆ ಬೆಲೆ ಜಾಸ್ತಿ. ಮನೆಗೊಬ್ಬರು ದುಬೈಯಲ್ಲೋ ಕತಾರಿನಲ್ಲೋ ಇರುವ ಊರು ನಮ್ಮದು. ಹಾಗಾಗಿ ಅದು ನಿಜ ಇದ್ದರೂ ಇರಬಹುದು.

ಮಗಳು ಮೊದಲು ಕೇಳಿದ್ದು, "ನಂಬರ್ ಹಾಕಿ ನೋಡಿದ್ರಾ?" ಅಂತ. ಅವಳಿಗೆ ಗೊತ್ತಿರುವುದು ನಾವಿರುವ ಇಂಗ್ಲೆಂಡಿನ ಲೀಡ್ಸ್‌ನ ಲೆಕ್ಕ. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಹಳೆಯ ಹೋಂಡಾ ಜಾಝ್ ಕೊಂಡಾಗ ಅವಳೇ ಪಕ್ಕದಲ್ಲಿ ಕೂತು ಓದಿ ಹೇಳಿದ್ದಳು. ಇಲ್ಲಿ ಕಾರಿಗೆ ಮೂರು ವರ್ಷ ಆದ ಮೇಲೆ ಪ್ರತಿ ವರ್ಷ ಎಂಒಟಿ ಅಂತ ತಪಾಸಣೆ ಮಾಡಿಸಲೇಬೇಕು. 1960ರಲ್ಲಿ ಶುರುವಾದಾಗ ಹತ್ತು ವರ್ಷ ಹಳೆಯ ಗಾಡಿಗಳಿಗೆ ಮಾತ್ರ ಇತ್ತು, 1967ರಲ್ಲಿ ಮೂರು ವರ್ಷಕ್ಕೆ ಇಳಿಸಿದರು. ಸರ್ಕಾರದ ಸೈಟಿನಲ್ಲಿ ಕಾರಿನ ನಂಬರ್ ಹಾಕಿದರೆ 2005ರಿಂದ ಈಚಿನ ತಪಾಸಣೆಗಳೆಲ್ಲ ಪುಕ್ಕಟೆ ಕಾಣುತ್ತವೆ. ಯಾವ ವರ್ಷ ಮೀಟರ್ ಎಷ್ಟಿತ್ತು, ಯಾವುದರಲ್ಲಿ ಫೇಲಾಯಿತು, ಯಾವುದರ ಮೇಲೆ ಕಣ್ಣಿಡಬೇಕು, ಎಲ್ಲ. ನಮ್ಮ ಜಾಝ್‌ನ ಹಿಂದಿನ ಬ್ರೇಕ್ ಪೈಪಿಗೆ ತುಕ್ಕು ಶುರುವಾಗಿದೆ ಅಂತ ಬರೆದಿತ್ತು. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದರ ಫಲ. ಅಷ್ಟು ಹಣ ಕಡಿಮೆ ಮಾಡಿಸಿ ತಗೊಂಡೆವು. ಆಗ ಈ ಊರಿನಲ್ಲಿ ನಮಗೆ ಒಬ್ಬರ ಗುರ್ತವೂ ಇರಲಿಲ್ಲ.

ತಮ್ಮ ಅವಳಿಗೆ ಸಮಾಧಾನದಿಂದಲೇ ಹೇಳಿದ. "ಇಲ್ಲಿ ಹಾಗೆ ಸಿಗೋದಿಲ್ಲ ಪುಟ್ಟಿ. ನಮಗೆ ಗುರ್ತದ ಮೆಕ್ಯಾನಿಕ್ ಇದ್ದಾರೆ. ಅವರು ನೋಡಿ ಹೇಳ್ತಾರೆ." ಆಗ ಬಂದದ್ದು ಆ ಪ್ರಶ್ನೆ.

ಆ ಮೆಕ್ಯಾನಿಕ್ ಬಗ್ಗೆ ಹೇಳಲೇಬೇಕು. ಅಪ್ಪನ ಸ್ಕೂಟರ್ ಕಾಲದಿಂದ ನಮ್ಮ ಮನೆಯವರಿಗೆ ಪರಿಚಯ. ಶಾಲೆಯಿಂದ ಬರುವಾಗ ಅವರ ಗ್ಯಾರೇಜಿನ ಬಾಗಿಲಲ್ಲಿ ನಿಂತು ನಾನು ಎಷ್ಟೋ ಸಲ ಕೆಲಸ ನೋಡಿದ್ದುಂಟು. ಗಾಡಿಯ ಶಬ್ದ ಕೇಳುವಾಗ ಅವರು ಕಣ್ಣು ಮುಚ್ಚುತ್ತಿದ್ದರು. ಈಗ ವಯಸ್ಸಾಗಿದೆ, ಆದರೂ ತಮ್ಮ ಕರೆದ ಕೂಡಲೇ ಬಂದರು. ಬರುವ ಮೊದಲೇ ಬ್ರೋಕರ್‌ಗೆ ಫೋನ್ ಮಾಡಿಸಿದರು: ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ, ತಣ್ಣಗೇ ಇರಲಿ ಅಂತ. ತಣ್ಣಗಿದ್ದ ಎಂಜಿನ್ ಮೊದಲ ಸಲ ಏಳುವಾಗ ಸುಳ್ಳು ಹೇಳುವುದಿಲ್ಲವಂತೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಇದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲಿನ ಕೆನೆಯ ಹಾಗೆ ಏನಾದರೂ ಕಟ್ಟಿದ್ದರೆ ಅದೂ ಒಳ್ಳೆಯ ಲಕ್ಷಣ ಅಲ್ಲ.

ಈ ಕಾರಿನಲ್ಲಿ ಎಂಜಿನ್ ಪರವಾಗಿರಲಿಲ್ಲ. ಅವರು ಕೆಳಗೆ ಬಗ್ಗಿ ಕ್ಲಚ್ ಪೆಡಲ್ ನೋಡಿದರು. ರಬ್ಬರ್ ಸವೆದು ನುಣ್ಣಗಾಗಿತ್ತು. ವರ್ಷಕ್ಕೆ ಒಂದು ತಿಂಗಳು ಓಡಿದ ಗಾಡಿಯ ಪೆಡಲ್ ಹಾಗಿರುವುದಿಲ್ಲ. ಆಮೇಲೆ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದರು. ಕೊನೆಯ ಒಂದು ಮೊಳದಲ್ಲಿ ಕಂದು ಗೆರೆ. ಸ್ಟೆಪ್ನಿ ಎತ್ತಿಸಿದರು, ಅದರ ಗುಂಡಿಯ ಮೂಲೆಯಲ್ಲಿ ಒಣಗಿದ ಕೆಸರು. "ಇದು ನೀರು ಕುಡಿದ ಗಾಡಿ, ಬೇಡ" ಅಂದರು. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಗೆ ನೆರೆ ಬಂದದ್ದು ಎಲ್ಲರಿಗೂ ನೆನಪಿರಬಹುದು. ಈ ಗಾಡಿ ಆ ನೆರೆಯದ್ದೋ ಬೇರೆ ಯಾವ ಮಳೆಯದ್ದೋ, ಹೇಳುವ ಒಂದು ಕಾಗದವೂ ಇರಲಿಲ್ಲ. ಮೆಕ್ಯಾನಿಕ್ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಚಹಾ ಕುಡಿದು ಹೋದರು.

ಇಂಥವರು ನಮ್ಮೂರಿನಲ್ಲಿ ಇದ್ದಾರೆ ಅನ್ನುವುದು ನನಗೆ ದೊಡ್ಡ ಹೆಮ್ಮೆ. ಇಲ್ಲಿಯ ಎಂಒಟಿಯಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿದೆ ಅಂತ ನೋಡುವುದೇ ಇಲ್ಲ. ನಮ್ಮ ಈ ಮೆಕ್ಯಾನಿಕ್‌ನಂಥವರು ಶಬ್ದ ಕೇಳಿಯೇ ಹೇಳುತ್ತಾರೆ. ಆದರೆ ಅವರು ಬಂದದ್ದು ನಾವು ಇಂಥವರ ಮಕ್ಕಳು ಅನ್ನುವ ಕಾರಣಕ್ಕೆ. ಮಗಳ ಪ್ರಶ್ನೆ ಇರುವುದು ಅಲ್ಲಿಯೇ.

ಉಡುಪಿಯಲ್ಲಿ ಈಗ ಗದಗ, ಬಾಗಲಕೋಟೆ, ಕೊಪ್ಪಳದಿಂದ ಬಂದವರು ಎಷ್ಟು ಜನ ಇದ್ದಾರೆ! ಮನೆ ಕಟ್ಟುವವರು, ರಸ್ತೆ ಕೆಲಸದವರು, ತರಕಾರಿ ಮಾರುವವರು. ನಾಲ್ಕು ಕಾಸು ಉಳಿಸಿ ಒಬ್ಬ ಹಳೆ ಓಮ್ನಿ ತಗೊಳ್ಳಬೇಕು ಅಂದರೆ ಅವನ ಪರವಾಗಿ ಸೀಟ್ ಬೆಲ್ಟ್ ಎಳೆದು ನೋಡುವವರು ಯಾರು? ಗುರ್ತ ಇಲ್ಲದವನ ಹತ್ತಿರವೇ ದುಡ್ಡೂ ಕಡಿಮೆ. ಒಂದು ಸಲ ಕೆಟ್ಟ ಗಾಡಿ ಸಿಕ್ಕಿದರೆ ಅವನ ವರ್ಷಗಳ ಉಳಿತಾಯ ಹೋಯಿತು. ಹಣ ಇದ್ದವರು ಶೋರೂಮಿನಿಂದ ವಾರಂಟಿ ಇರುವ ಹಳೆ ಕಾರು ತರುತ್ತಾರೆ. ಇದು ಸರಿ ಅಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನಮ್ಮಲ್ಲಿ ಸ್ವಂತ ಕಾರಿನ ರಿಜಿಸ್ಟ್ರೇಷನ್ 15 ವರ್ಷಕ್ಕೆ. ಅಲ್ಲಿಯವರೆಗೆ ಫಿಟ್‌ನೆಸ್‌ಗೆ ಅಂತ ಗಾಡಿ ಆರ್‌ಟಿಒ ಕಡೆ ಹೋಗಬೇಕಾಗಿಲ್ಲ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ರಿಜಿಸ್ಟರ್ ಆದ ತಾರೀಕು, ಇನ್ಶೂರೆನ್ಸ್, ಫಿಟ್‌ನೆಸ್ ಎಲ್ಲಿಯವರೆಗೆ ಉಂಟು ಅಂತ ಬರುತ್ತದೆ. ಅದು ಒಳ್ಳೆಯದೇ. ಆದರೆ ಗಾಡಿ ಎಷ್ಟು ಓಡಿದೆ ಅನ್ನುವುದು ಅಲ್ಲಿ ಸಿಗುವುದಿಲ್ಲ. ಹೊಗೆ ತಪಾಸಣೆಗೆ ಗಾಡಿ ಹೇಗೂ ಹೋಗುತ್ತದೆ, ಅಲ್ವಾ? ಆಗಲೇ ಮೀಟರ್ ಬರೆದುಕೊಂಡು ಕೊಳ್ಳುವವರಿಗೆ ಕಾಣುವ ಹಾಗೆ ಮಾಡಿದರೆ ಆಯಿತು. ಹೊಸ ಕಚೇರಿ ಬೇಡ, ಹೊಸ ಸಾಲು ಬೇಡ.

ಅಲ್ಲಿಯವರೆಗೆ ಗುರ್ತದವರು ಇಲ್ಲದವರು ಇಷ್ಟಾದರೂ ನೋಡಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಿಂತೇ ಇದ್ದ ಗಾಡಿಯ ಟಯರ್ ಸವೆಯದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ವೈರನ್ನು ಇಲಿ ಕಡಿದಿರಬಹುದು. ಸಮುದ್ರದ ಹತ್ತಿರದ ಗಾಡಿ ಆದರೆ ಅಡಿಭಾಗ ನೋಡದೆ ಮುಂಗಡ ಕೊಡಬೇಡಿ. ಏರು ರಸ್ತೆಯಲ್ಲಿ ಓಡಿಸಿ, ಕ್ಲಚ್ ಜಾರುತ್ತದೆಯೋ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ ಮತ್ತು ಆ ಹೆಸರು ತೆಗೆಸುವ ಫಾರ್ಮ್ 35 ಕೇಳಿ. ಚಾಸಿ ನಂಬರನ್ನು ನೀವೇ ಓದಿ ಆರ್‌ಸಿಯಲ್ಲಿರುವುದಕ್ಕೆ ಹೋಲಿಸಿ. ಮಾರುವವರಿಗೂ ಒಂದು ಮಾತು: ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ, ಹೆಸರು ಬದಲಾಯಿತೋ ನೋಡಿ. ಆರ್‌ಸಿಯಲ್ಲಿ ಯಾರ ಹೆಸರುಂಟೋ ಅಪಘಾತದ ಹೊಣೆ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿ ಮಾರಿ ವಿಮಾನ ಹತ್ತುವ ನಮ್ಮಂಥವರು ಇದನ್ನು ಗಮನಿಸಬೇಕು.

ತಮ್ಮ ಇನ್ನೂ ಹುಡುಕುತ್ತಿದ್ದಾನೆ. ಕಾಪು, ಪಡುಬಿದ್ರಿ, ಶಿರ್ವದ ಕಡೆ ಯಾರಾದರೂ ಆಲ್ಟೋ ಅಥವಾ ವ್ಯಾಗನ್‌ಆರ್ ಮಾರುವವರಿದ್ದರೆ ಹೇಳಿ. ಮೀಟರ್ ಒಂದು ಲಕ್ಷ ದಾಟಿದ್ದರೂ ತೊಂದರೆ ಇಲ್ಲ. ಸರ್ವಿಸ್ ಬಿಲ್ಲುಗಳು ಮಾತ್ರ ಇರಲಿ. ಅಮ್ಮನಿಗೆ ಹತ್ತಿ ಇಳಿಯಲು ಸುಲಭ ಆದರೆ ಸಾಕು.