ಮನೆ ಬಿಟ್ಟು ಬಂದ ತಾಯಿಯ ಮುಂದೆ

ಈ ನವರಾತ್ರಿಗೆ ನಾನು ಊಟ ಬಿಡಲಿಲ್ಲ. ಬಿ.ಪಿ. ಮಾತ್ರೆ ತಗೊಳ್ಳುತ್ತಿದ್ದೀರಿ, ಉಪವಾಸ ಬೇಡ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೆ ಒಂಬತ್ತು ದಿನ ತಮ್ಮನ ಮೇಲಿನ ಸಿಟ್ಟು ಬಿಡುತ್ತೇನೆ ಅಂತ ನಾವಿರುವ ಗೋವಾದ ಕವಳೆಯ ಶಾಂತಾದುರ್ಗೆಗೆ ಹರಕೆ ಹೊತ್ತೆ. ಊಟ ಬಿಡುವುದೇ ಸುಲಭ ಅಂತ ಎರಡನೇ ದಿನಕ್ಕೇ ಗೊತ್ತಾಯಿತು.

ವಿಷಯ ಇಷ್ಟೇ. ಹುಬ್ಬಳ್ಳಿಯಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ಅವ್ವ ತೀರಿಕೊಂಡದ್ದು ಅದೇ ಮನೆಯ ಪಡಸಾಲೆಯಲ್ಲಿ. ನನ್ನನ್ನು ಒಂದು ಮಾತೂ ಕೇಳದೆ ತಮ್ಮ ಅದನ್ನು ಮಾರುವ ಮಾತುಕತೆ ನಡೆಸಿದ. ಫೋನಿನಲ್ಲಿ ಜಗಳವಾಯಿತು. ಹತ್ತು ನಿಮಿಷ ಇರಬಹುದು. ಆದರೆ ಆ ಹತ್ತು ನಿಮಿಷವನ್ನು ನಾನು ಎಂಟು ತಿಂಗಳು ಆಡಿದೆ. ಪಾತ್ರೆ ತೊಳೆಯುವಾಗ, ವಾಸ್ಕೋ ಮಾರ್ಕೆಟ್‌ನಲ್ಲಿ ತರಕಾರಿ ಆರಿಸುವಾಗ, ರಾತ್ರಿ ಮಲಗಿದಾಗ, ಅವನು ಅಂದದ್ದು, ನಾನು ಅಂದದ್ದು, ನಾನು ಅನ್ನಬೇಕಿತ್ತು ಅಂತ ಆಮೇಲೆ ಹೊಳೆದದ್ದು, ಎಲ್ಲಾ ಮೊದಲಿನಿಂದ.

ಮನೆಯಲ್ಲಿ ಬಿ.ಪಿ. ಮಷಿನ್ ಇದೆ. ಒಂದು ಬೆಳಿಗ್ಗೆ 128/82 ಇತ್ತು. ಅದೇ ದಿನ ಸಂಜೆ ಸುಮ್ನೆ ಕೂತು ಆ ಜಗಳ ನೆನೆಸಿಕೊಂಡೆ, ತೋಳಿಗೆ ಪಟ್ಟಿ ಸುತ್ತಿ ನೋಡಿದರೆ 158/96. ಯಾರೂ ಏನೂ ಅಂದಿರಲಿಲ್ಲ. ಸಿಟ್ಟು ಬಂದಾಗ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ರಕ್ತನಾಳ ಬಿಗಿಯುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಜಗಳ ಈಗ ನಡೀತಿದೆಯೋ ಎಂಟು ತಿಂಗಳ ಹಿಂದಿನದೋ, ಮೈಗೆ ಅದರ ಲೆಕ್ಕ ಇಲ್ಲ. ನೆನೆದರೆ ಸಾಕು, ಮತ್ತೆ ಯುದ್ಧಕ್ಕೆ ಸಿದ್ಧ. ಮೈ ಮಾತ್ರ ಅಲ್ಲ, ದೇವರ ಮುಂದೆ ದೀಪ ಹಚ್ಚುವಾಗಲೂ ನನ್ನ ಬಾಯಲ್ಲಿ ಸ್ತೋತ್ರ, ತಲೆಯಲ್ಲಿ ತಮ್ಮ. ಅದು ಎಂಥ ಪೂಜೆ, ಹೇಳಿ.

ಮೊದಲ ದಿನ ಬೆಳಿಗ್ಗೆ ಬಸ್ಸಿನಲ್ಲಿ ಫೋಂಡಾಕ್ಕೆ ಹೋಗಿ, ಅಲ್ಲಿಂದ ಕವಳೆ. ನಮ್ಮ ಕಡೆ ಉಡಿ ತುಂಬುವುದು ಅನ್ನುತ್ತೇವಲ್ಲ, ಇಲ್ಲಿ ಅದಕ್ಕೆ ಓಟಿ ಅನ್ನುತ್ತಾರೆ. ಖಣ, ತೆಂಗಿನಕಾಯಿ, ಅಕ್ಕಿ, ಅರಿಷಿಣ ಕುಂಕುಮ, ಮೇಲೊಂದು ಅಬೋಲಿ ದಂಡೆ. ನಮ್ಮ ಕನಕಾಂಬರವೇ ಇಲ್ಲಿಯ ಅಬೋಲಿ. ಸಾಲಿನಲ್ಲಿ ನಿಂತಾಗ ಕೈಯೊಳಗಿನ ದಂಡೆಯ ನೀರು ಮೊಣಕೈವರೆಗೆ ಇಳಿಯುತ್ತಿತ್ತು.

ಈ ತಾಯಿಯ ಕಥೆ ಗೋವಾದಲ್ಲಿ ಎಲ್ಲರಿಗೂ ಗೊತ್ತು. ಶಿವನಿಗೂ ವಿಷ್ಣುವಿಗೂ ದೊಡ್ಡ ಜಗಳ. ಬ್ರಹ್ಮ ಬೇಡಿಕೊಂಡಾಗ ದೇವಿ ಇಬ್ಬರ ನಡುವೆ ಬಂದು ನಿಂತಳು, ಒಬ್ಬರನ್ನು ಒಂದು ಕೈಯಲ್ಲಿ, ಇನ್ನೊಬ್ಬರನ್ನು ಇನ್ನೊಂದು ಕೈಯಲ್ಲಿ ಹಿಡಿದು ಸಮಾಧಾನ ಮಾಡಿದಳು. ಅವಳ ಕೈಯಲ್ಲಿರುವ ಎರಡು ಹಾವು ಹರಿ ಮತ್ತು ಹರ ಅನ್ನುತ್ತಾರೆ. ಮಹಿಷನನ್ನು ಕೊಂದ ದುರ್ಗೆಯೇ ಇವಳು, ಆದರೆ ಇಲ್ಲಿ ಹೆಸರು ಶಾಂತಾ.

ಇಷ್ಟು ನನಗೂ ಗೊತ್ತಿತ್ತು. ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು. ಇವಳ ಮೂಲ ಊರು ಕವಳೆಯಲ್ಲ. ನಾವಿರುವ ಮುರ್ಗಾಂವ್ ತಾಲೂಕಿನದೇ ಕೇಳೋಶಿ. 16ನೇ ಶತಮಾನದಲ್ಲಿ ಪೋರ್ಚುಗೀಸರು ಗುಡಿ ಕೆಡವಿದರು. ಭಕ್ತರು ದೇವಿಯನ್ನು ಜುವಾರಿ ನದಿ ದಾಟಿಸಿ, ಅಂದು ವಿಜಾಪುರದ ಆದಿಲ್‌ಶಾಹಿಯ ಕೈಯಲ್ಲಿದ್ದ ಈ ಕಡೆಗೆ ತಂದರು. ಈಗಿನ ಗುಡಿ ಮರಾಠಾ ದೊರೆ ಶಾಹು ಮಹಾರಾಜರ ಕಾಲದ್ದು, 1738ರ ಹೊತ್ತಿಗೆ ಆದದ್ದು. ಮಧ್ಯೆ ಎಷ್ಟು ವರ್ಷ, ಅಲ್ವಾ? ಮನೆ ಕಳೆದುಕೊಂಡು ಬಂದವಳು ಇವಳು. ನಾನು ಒಂದು ಮನೆಯ ಸಿಟ್ಟು ಹೊತ್ತು ಇವಳ ಮುಂದೆ ನಿಂತಿದ್ದೇನೆ. ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ.

ಮನೆಗೆ ಬಂದು ಮಾಡಿದ್ದು ಇಷ್ಟು. ಜಗಳ ನೆನಪಾದಾಗಲೆಲ್ಲ ಕೈಯ ಕೆಲಸ ನಿಲ್ಲಿಸಿ, ಉಸಿರು ಬಿಡುತ್ತಾ ನಿಧಾನವಾಗಿ "ಶಾಂತಾದುರ್ಗೇ ತಾಯಿ" ಅನ್ನುವುದು, ಹನ್ನೊಂದು ಸಲ. ಸಂಜೆ ಪಕ್ಕದ ಮನೆಯ ಕ್ರಿಶ್ಚಿಯನ್ ಅಜ್ಜಿಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಕಿಟಕಿಯಿಂದ ಕೇಳಿಸುತ್ತದೆ. ಮಣಿ ಎಣಿಸುತ್ತಾ ಒಂದೇ ಲಯದಲ್ಲಿ ಹೇಳುತ್ತಾ ಹೋಗುತ್ತಾರೆ, ನನ್ನ ಜಪವೂ ತಾನಾಗಿ ಆ ಲಯಕ್ಕೆ ಬಂದುಬಿಡುತ್ತಿತ್ತು. ಇದಕ್ಕೆ ಕಾರಣ ಇದೆ. 2001ರಲ್ಲಿ ಇಟಲಿಯ ವೈದ್ಯರು 23 ಮಂದಿಯಿಂದ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ "ಓಂ ಮಣಿ ಪದ್ಮೇ ಹೂಂ" ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು, ರಕ್ತದೊತ್ತಡವನ್ನು ಹದದಲ್ಲಿ ಇಡುವ ಮೈಯ ಶಕ್ತಿಯೂ ಚುರುಕಾಗಿತ್ತು. ಅಜ್ಜಿಗೂ ನನಗೂ ದೇವರ ಹೆಸರು ಬೇರೆ, ಉಸಿರು ಒಂದೇ.

ನಾಲ್ಕನೇ ದಿನ ಹರಕೆ ಮುರಿಯಿತು. ಅಕ್ಕಪಕ್ಕದವರ ಮಾತಿನಲ್ಲಿ ಆಸ್ತಿ ವಿಷಯ ಬಂತು, ನಾನು ಅರ್ಧ ಗಂಟೆ ತಮ್ಮನ ಮೇಲೆ ಹರಿಹಾಯ್ದೆ. ರಾತ್ರಿ ತುಂಬಾ ಬೇಜಾರಾಯಿತು. ಆಗ ಆ ಹಾವುಗಳು ನೆನಪಾದವು. ತಾಯಿ ಅವನ್ನು ಬಿಸಾಡಿಲ್ಲ, ಹಿಸುಕಿಯೂ ಇಲ್ಲ. ಕೈಯಲ್ಲಿ ಹಿಡಿದಿದ್ದಾಳೆ, ಅಷ್ಟೇ. ನಾನು ಸಿಟ್ಟೇ ಬರಬಾರದು ಅಂತ ಹಟ ಹಿಡಿದಿದ್ದೆ. ಬರಲಿ, ಹಿಡಿದುಕೊಂಡು ಕೂತಿರೋಣ ಅಂತ ಐದನೇ ದಿನದಿಂದ ಶುರು ಮಾಡಿದೆ. ಅವತ್ತಿನಿಂದ ನಿದ್ದೆ ಚೆನ್ನಾಗಿ ಬಂತು. ಮಾತ್ರೆ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ದಸರೆಯ ದಿನ ಇಲ್ಲಿ ಆಪ್ಟದ ಎಲೆ ಹಂಚುತ್ತಾರೆ. ನಮ್ಮ ಕಡೆ ಬನ್ನಿ. ಒಂದು ಎಲೆಯನ್ನು ಅಂಗೈಯಲ್ಲಿಟ್ಟು ಫೋಟೋ ತೆಗೆದು ತಮ್ಮನಿಗೆ ವಾಟ್ಸಾಪ್ ಮಾಡಿದೆ. ಕೆಳಗೆ, ಅವ್ವ ಪ್ರತಿ ದಸರೆಗೂ ಹೇಳುತ್ತಿದ್ದ ಮಾತು: "ಬನ್ನಿ ತಗೊಂಡು ಬಂಗಾರದಂಗ ಇರೋಣು."

ಮನೆಯ ವಿಷಯ ಇನ್ನೂ ಬಗೆಹರಿದಿಲ್ಲ. ರಾತ್ರಿ ಹತ್ತೂವರೆಗೆ ಉತ್ತರ ಬಂತು: "ಅಕ್ಕಾ, ಊಟ ಆತೇನು?"