ಮುತ್ಯಾ, ಆಯಿ ಮತ್ತು ಲೂಕನ ಮೊದಲ ಅಧ್ಯಾಯ

ಲೂಕ ತನ್ನ ಸುವಾರ್ತೆಯನ್ನು ಮರಿಯಳಿಂದ ಶುರು ಮಾಡುವುದಿಲ್ಲ. ಗೋದಲಿ, ಕುರುಬರು, ದೇವದೂತರ ಹಾಡು ಎಲ್ಲ ಆಮೇಲೆ. ಮೊದಲು ಬರುವವರು ವಯಸ್ಸಾದ ಗಂಡ ಹೆಂಡತಿ, ಜಕರೀಯ ಮತ್ತು ಎಲಿಸಬೇತ್. ಡಿಸೆಂಬರ್ ಬಂತೆಂದರೆ ನಾನು ಈ ಅಧ್ಯಾಯ ತೆಗೆಯುತ್ತೇನೆ. ಓದುವಾಗ ಕಣ್ಮುಂದೆ ನಿಲ್ಲುವ ಜಕರೀಯ ಮಾತ್ರ ಯೆರೂಸಲೇಮಿನವನಲ್ಲ. ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಬೀದರಿನ ಮಂಗಲಪೇಟೆಯಲ್ಲಿ ನಿಧಾನಕ್ಕೆ ನಡೆಯುತ್ತಿದ್ದ ಒಬ್ಬ ಎತ್ತರದ ಅಮೆರಿಕನ್.

ನಾನು ಹೈಸ್ಕೂಲಿನಲ್ಲಿದ್ದಾಗ ಆ ದಂಪತಿ ಓಹಿಯೋದಿಂದ ಬಂದರು. ಅವರು ಮೇಷ್ಟ್ರು, ಆಕೆ ನರ್ಸ್, ಇಬ್ಬರೂ ರಿಟೈರ್ ಆಗಿದ್ದವರು. ಆ ವಯಸ್ಸಿನಲ್ಲಿ ನಮ್ಮೂರಿನವರು ಮಗನ ಮನೆಗೆ ಹೋಗುವುದಕ್ಕೂ ಹಿಂದೆ ಮುಂದೆ ನೋಡುತ್ತಾರೆ. ಇವರು ಎರಡು ಟ್ರಂಕ್ ಹಿಡಿದು ಸಮುದ್ರ ದಾಟಿ ಬಂದಿದ್ದರು. ಅವರ ಹೆಸರು ಓಣಿಯ ಹುಡುಗರ ನಾಲಿಗೆಗೆ ಹೊರಳಲಿಲ್ಲ. ಒಂದು ವಾರದಲ್ಲಿ ಅವರು ಮುತ್ಯಾ, ಆಕೆ ಆಯಿ ಆದರು, ಅಂದರೆ ನಮ್ಮ ಕಡೆ ಅಜ್ಜ, ಅಜ್ಜಿ. ಬೀದರಿಗೆ ಹೊರಗಿನವರು ಹೊಸಬರಲ್ಲ ಬಿಡಿ. ಇರಾನಿನ ಗೀಲಾನ್‌ನಿಂದ ಬಂದ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ 1472ರಿಂದ ಊರ ನಡುವೆ ನಿಂತಿದೆ.

ಮಿಷನರಿ ಎಂದರೆ ನಮಗೆ ನೆನಪಾಗುವುದು ಹರೆಯದಲ್ಲಿ ಬಂದವರು. ಕಿಟೆಲ್ 1853ರಲ್ಲಿ ಬಂದಾಗ ಇಪ್ಪತ್ತೊಂದು ವರ್ಷದ ಹುಡುಗ. ಕನ್ನಡ ಕಲಿತು, ಹಳ್ಳಿ ಸುತ್ತಿ, 1894ರಲ್ಲಿ ನಿಘಂಟು ಕೊಟ್ಟರು. ಮುತ್ಯಾಗೆ ಅಷ್ಟು ಸಮಯವೆಲ್ಲಿತ್ತು? ಅವರಿಗೆ ಬಂದ ಕನ್ನಡ ‘ನಮಸ್ಕಾರ’ ಮತ್ತು ‘ಸಾಕು’ ಎರಡೇ. ಅದರಲ್ಲೂ ‘ಸಾಕು’ ನಮ್ಮ ಕಡೆ ನಡೆಯುವ ಮಾತಲ್ಲ. ಅನ್ನುವಷ್ಟರಲ್ಲಿ ಇನ್ನೊಂದು ರೊಟ್ಟಿ ತಾಟಿಗೆ ಬಿದ್ದಿರುತ್ತದೆ. ಬೋಧನೆ ಮಾಡುವಷ್ಟು ಭಾಷೆಯೇ ಬರಲಿಲ್ಲವಾದ್ದರಿಂದ ಅವರು ಯಾರಿಗೂ ಬೋಧನೆ ಮಾಡಲಿಲ್ಲ.

ಜಕರೀಯನದೂ ಹಾಗೇ ಅಲ್ವಾ? ಅವನು ಯಾಜಕ, ದೇವಾಲಯದಲ್ಲಿ ಧೂಪ ಹಾಕಲು ಚೀಟಿ ಅವನ ಹೆಸರಿಗೆ ಬಂತು. ಈ ವಯಸ್ಸಿನಲ್ಲಿ ನಿನಗೆ ಮಗ ಹುಟ್ಟುತ್ತಾನೆ ಎಂದ ದೇವದೂತನ ಮಾತು ನಂಬದೆ ಹೊರಗೆ ಬರುವಾಗ ಬಾಯಿ ನಿಂತುಹೋಗಿತ್ತು. ಆಶೀರ್ವಾದಕ್ಕೆ ಕಾದಿದ್ದ ಜನರಿಗೆ ಬರೀ ಕೈಸನ್ನೆ ಮಾಡಿದ. ಇದನ್ನು ಶಿಕ್ಷೆ ಎಂದೇ ಪ್ರಸಂಗಗಳಲ್ಲಿ ಕೇಳಿದ್ದೇನೆ. ನನಗೆ ಅದು ವಿಶ್ರಾಂತಿಯಂತೆಯೂ ಕಾಣುತ್ತದೆ. ಜೀವನವಿಡೀ ಜನರ ಮುಂದೆ ನಿಂತು ಮಾತಾಡಿದವನಿಗೆ, ಈಗ ಸುಮ್ನೆ ಇರು, ಕೆಲಸ ನಾನು ಮಾಡುತ್ತೇನೆ ಎಂದು ದೇವರು ಹೇಳಿದಂತೆ.

ಸುಮ್ಮನಿದ್ದ ಮುತ್ಯಾ ಮಾಡಿದ್ದು ನಕ್ಷತ್ರ. ಬಿದಿರಿನ ಕಡ್ಡಿ ಸೀಳಿ ಐದು ಮೂಲೆಯ ಎರಡು ಚೌಕಟ್ಟು ಕಟ್ಟಬೇಕು. ಒಂದರ ಮೇಲೊಂದು ಇಟ್ಟು ಐದೂ ತುದಿಗಳನ್ನು ದಾರದಿಂದ ಬಿಗಿಯಬೇಕು. ಆಮೇಲೆ ಒಳಮೂಲೆಗಳಲ್ಲಿ ಗೇಣಿಗಿಂತ ಚಿಕ್ಕ ಕಡ್ಡಿ ಸಿಕ್ಕಿಸಿದರೆ ನಕ್ಷತ್ರ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಮುತ್ಯಾನ ಬೆರಳು ನಡುಗುತ್ತಿತ್ತು, ಗಂಟು ಜಾರುತ್ತಿತ್ತು. ನಾವು ಹುಡುಗರು ತುದಿ ಹಿಡಿದುಕೊಳ್ಳುತ್ತಿದ್ದೆವು. ಬೈಗುಳವಿಲ್ಲ, ಅವಸರವಿಲ್ಲ, ಜಾರಿದರೆ ಮತ್ತೆ ದಾರ ಸುತ್ತುವುದು. ಪತಂಗದ ಕಾಗದಕ್ಕೆ ಮೈದಾ ಅಂಟು ಹಚ್ಚುವಷ್ಟರಲ್ಲಿ ಸಂಜೆ ಆಗುತ್ತಿತ್ತು. ಅದೊಂದು ಸೇವೆಯೇ ಎಂದು ಕೇಳಿದರೆ ನನ್ನ ಹತ್ತಿರ ವಾದವಿಲ್ಲ. ಒಂದು ನಕ್ಷತ್ರ ಪೇಟೆಯಲ್ಲಿ ತಂದರೂ ಆಗುತ್ತಿತ್ತು.

ಆಯಿಯ ಕೆಲಸ ಆಸ್ಪತ್ರೆಯಲ್ಲಿ. ಚೊಚ್ಚಲ ಹೆರಿಗೆಗೆ ಹಳ್ಳಿಯಿಂದ ಬಂದ ಹುಡುಗಿಯರ ಹಾಸಿಗೆಯ ಪಕ್ಕ ಸ್ಟೂಲ್ ಹಾಕಿ ಕೂಡುತ್ತಿದ್ದರು. ಅರ್ಧ ಕನ್ನಡ, ಅರ್ಧ ಉರ್ದು ಸೇರಿಸಿ ಏನೋ ಹೇಳುವರು. ನೋವು ಬಂದಾಗ ಕೈ ಹಿಡಿಯುವರು. ಮರಿಯಳು ಬೆಟ್ಟದ ಸೀಮೆಗೆ ಓಡಿ ಹೋಗಿದ್ದು ಎಲಿಸಬೇತಳ ಮನೆಗೆ, ಇದ್ದದ್ದು ಸುಮಾರು ಮೂರು ತಿಂಗಳು. ಮದುವೆಗೆ ಮುಂಚೆ ಬಸುರಾದ ಹುಡುಗಿಗೆ ಬೇಕಾದದ್ದು ಬುದ್ಧಿಮಾತಲ್ಲ, ಬಾಗಿಲು ತೆರೆಯುವ ಒಬ್ಬ ಹಿರಿಯಳು. ಬೇತ್ಲೆಹೇಮಿಗೆ ಮುಂಚೆ ಯೇಸುವಿಗೆ ಜಾಗ ಸಿಕ್ಕ ಮನೆ ಅದು.

ಆ ವರ್ಷ ಎಳ್ಳ ಅಮಾವಾಸ್ಯೆ ಕ್ರಿಸ್ಮಸ್ಸಿನ ಆಸುಪಾಸಿನಲ್ಲೇ ಬಂತು. ಪಕ್ಕದ ಲಿಂಗಾಯತ ಗೌಡರು ಇಬ್ಬರನ್ನೂ ಬಂಡಿಯಲ್ಲಿ ಹೊಲಕ್ಕೆ ಕರೆದೊಯ್ದರು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಭೂತಾಯಿಗೆ ನೈವೇದ್ಯವೆಂದು ಹೊಲದಲ್ಲಿ ಚರಗ ಚೆಲ್ಲುವಾಗ ಮುತ್ಯಾ ಟೋಪಿ ತೆಗೆದು ನಿಂತರಂತೆ. ಇದಕ್ಕೆ ನಮ್ಮ ಸಭೆಯಲ್ಲಿ ಒಂದಿಬ್ಬರು ಮುಖ ಗಂಟು ಹಾಕಿಕೊಂಡರು. ನೆರೆಯವನ ಹೊಲದಲ್ಲಿ ಕೂತು ಉಂಡರೆ ಯಾವ ಆಜ್ಞೆ ಮುರಿಯುತ್ತದೆ, ನನಗಂತೂ ತಿಳಿದಿಲ್ಲ.

ಕ್ರಿಸ್ಮಸ್ ದಿನ ಬೆಳಿಗ್ಗೆ ಎಂಟಕ್ಕೆ ನಾವು ಹೊಸ ಬಟ್ಟೆ ಹಾಕಿ ಚರ್ಚಿಗೆ ಹೊರಟರೆ ಓಹಿಯೋದಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ಮೊಮ್ಮಕ್ಕಳು ಇನ್ನೂ ಮಲಗಿರುವುದಿಲ್ಲ ಎಂದು ಆಯಿ ಗಡಿಯಾರ ನೋಡಿ ಲೆಕ್ಕ ಹಾಕುತ್ತಿದ್ದರು. ಅವರ ಕಾಗದ ಬರುವಷ್ಟರಲ್ಲಿ ನಮ್ಮಲ್ಲಿ ಸಂಕ್ರಾಂತಿ ಮುಗಿದಿರುತ್ತಿತ್ತು. ಅಳುವುದನ್ನು ಯಾರೂ ನೋಡಲಿಲ್ಲ. ಅಳಲಿಲ್ಲ ಎಂದು ಹೇಳಲಾರೆ. ಅಂದು ಮನೆಮನೆಯಿಂದ ಕರ್ಚಿಕಾಯಿ, ಚಕ್ಕುಲಿ, ಪಲಾವ್ ಅವರ ಮನೆಗೆ ಹೋಯಿತು. ಕೊಡಲು ಬಂದವರು ದಿನವಿಡೀ ತೆಗೆದುಕೊಳ್ಳುತ್ತಾ ಕೂತರು. ಕೊಡುವುದಕ್ಕಿಂತ ಅದು ಕಷ್ಟದ ಕೆಲಸ ಎಂದು ಈಗ ಅನಿಸುತ್ತದೆ. ತನ್ನ ಮನೆ ಬಿಟ್ಟು ಬಂದ ದೇವರೂ ಮೊದಲು ಮಾಡಿದ್ದು ಅದನ್ನೇ. ಯಾರದೋ ಗೋದಲಿಯಲ್ಲಿ ಮಲಗಿದ.

ಕೆಲವು ವರ್ಷಗಳ ನಂತರ ಅವರು ಊರಿಗೆ ಮರಳಿದರು. ಮುತ್ಯಾ ಹೋದ ಸುದ್ದಿ ಕಾಗದದಲ್ಲಿ ಬಂತು. ಅವರ ಹೆಸರಿನ ಕಲ್ಲು ಬೀದರಿನಲ್ಲಿ ಎಲ್ಲೂ ಇಲ್ಲ.

ಲೂಕ ಎರಡನೆಯ ಅಧ್ಯಾಯದಲ್ಲಿ ಮತ್ತಿಬ್ಬರು ಮುದುಕರನ್ನು ತರುತ್ತಾನೆ. ಸಿಮೆಯೋನ ಕೂಸನ್ನು ಎತ್ತಿಕೊಂಡು ಸ್ತೋತ್ರ ಹೇಳುತ್ತಾನೆ, ಆ ತಾಯಿ ತಂದೆಯನ್ನು ಹರಸುತ್ತಾನೆ, ಆಮೇಲೆ ಕಥೆಯಲ್ಲಿ ಕಾಣುವುದೇ ಇಲ್ಲ. ವಿಧವೆ ಅನ್ನಳಿಗೆ ಎಂಭತ್ತನಾಲ್ಕು, ದೇವಾಲಯ ಬಿಟ್ಟು ಹೋಗದವಳು. ನಮ್ಮ ಕ್ರಿಸ್ಮಸ್ ನಾಟಕದಲ್ಲಿ ಜ್ಞಾನಿಗಳು ಕಾಣಿಕೆ ಕೊಟ್ಟ ಕೂಡಲೇ ಪರದೆ ಬೀಳುತ್ತದೆ, ಇವರಿಗೆ ಜಾಗವೇ ಇರುವುದಿಲ್ಲ. ಈ ಸಲ ಇಬ್ಬರನ್ನೂ ಸೇರಿಸಿ ಎಂದು ಯೂತ್‌ನ ಹುಡುಗರಿಗೆ ಹೇಳಿದೆ.

“ಮುದುಕನ ಪಾರ್ಟು ಯಾರೂ ಒಪ್ಪಲ್ಲ ಕಾಕಾ” ಎಂದರು.

ಹುಡುಗರು ಯಾಕೆ ಬೇಕು, ಹತ್ತಿಯ ಗಡ್ಡ ಯಾಕೆ ಬೇಕು? ಹಿಂದಿನ ಬೆಂಚಿನಲ್ಲಿ ಕೂಡುವವರನ್ನು ಕೇಳಿ ಎಂದೆ. ಇಬ್ಬರು ಒಪ್ಪಿದ್ದಾರೆ. ರಿಹರ್ಸಲ್ ಮಾತ್ರ ರಾತ್ರಿ ಬೇಡ, ನಾಲ್ಕು ಗಂಟೆಗೆ ಇಡಿ, ಈ ಚಳಿಯಲ್ಲಿ ಮೊಣಕಾಲು ಹಿಡಿಯುತ್ತವೆ ಎಂದು ಷರತ್ತು ಹಾಕಿದ್ದಾರೆ.